ತಕ್ಕಡಿಯ ಮೇಲೆ ನಿಂತು ಚೌಕಾಸಿ

ಕ್ಲಿನಿಕ್ಕಿಗೆ ಹೋಗುವ ದಿನ ಬೆಲ್ಟು ಕಟ್ಟಬೇಡಿ, ಬಕಲ್ಲು ಭಾರ. ಜೇಬಿನ ಚಿಲ್ಲರೆ, ಬೀಗದ ಕೈ ಗೊಂಚಲು, ಪೇಜರು ಎಲ್ಲವನ್ನೂ ಕಾರಿನಲ್ಲೇ ಬಿಡಿ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟೇ ಕೇಳಿ, ಹೊಟ್ಟೆ ಖಾಲಿ ಇರುತ್ತದೆ. ಇಷ್ಟೆಲ್ಲ ಮಾಡಿದರೆ ಎರಡೂವರೆ ಪೌಂಡು ತೂಕ ಕಡಿಮೆ ತೋರಿಸಬಹುದು. ನಾನು ಮಾಡಿ ನೋಡಿದ್ದೇನೆ. ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ನಿಮಗೆ ಅಷ್ಟು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯದ ಬೆಲ್ಲದ ಮಂಡಿಯಲ್ಲಿ ಬೆಳೆದವನು. ಮೀಸೆ ಮೂಡುವ ಮುಂಚೆಯೇ ಅಪ್ಪನ ಪಕ್ಕದಲ್ಲಿ ನಿಂತು ತೂಕ ಹಾಕಿಸುತ್ತಿದ್ದೆ. ತಕ್ಕಡಿಗೆ ಎಷ್ಟು ವಿಧದಲ್ಲಿ ಮೋಸ ಮಾಡಬಹುದು, ಮೋಸ ಮಾಡುವವನ ಕಣ್ಣು ಆಗ ಎಲ್ಲಿ ನೋಡುತ್ತದೆ, ಎರಡೂ ಗೊತ್ತು. ಅಮೆರಿಕಕ್ಕೆ ಬಂದ ಮೇಲೆ ಮೋಟೆಲಿನಲ್ಲಿ ರೂಮಿನ ಕೀ ಕೊಟ್ಟೆ, ಪೆಟ್ರೋಲ್ ಬಂಕಿನಲ್ಲಿ ನಿಂತೆ, ಕೊನೆಗೆ ಪರೀಕ್ಷೆ ಕಟ್ಟಿ ಮನೆ ಮಾರಿಸುವ ಏಜೆಂಟಾದೆ. ಸಾಫ್ಟ್‌ವೇರ್ ಹುಡುಗರ ಷೇರು ಹಾಲಿನ ಹಾಗೆ ಉಕ್ಕುತ್ತಿದ್ದ ಕಾಲ ಅದು. ಒಂದು ಮನೆಗೆ ಹತ್ತು ಜನ ಮುಗಿಬೀಳುತ್ತಿದ್ದರು. ಮಂಡ್ಯ, ಹಾಸನದ ಕಡೆಯವರು ಮಿಲ್ಪಿಟಾಸಿನಲ್ಲೋ ಕ್ಯುಪರ್ಟಿನೋದಲ್ಲೋ ಮನೆ ಹುಡುಕಬೇಕೆಂದರೆ ಮೊದಲ ಫೋನು ನನಗೆ. ಮನೆ ಸಿಕ್ಕ ಮೇಲೆ ಗೃಹಪ್ರವೇಶ. ಕೊಡಿಸಿದವನೇ ಎಲೆಯ ಮುಂದೆ ಕೂರದಿದ್ದರೆ ಮನೆಯವರ ಮನಸ್ಸು ಮುದುಡುತ್ತದೆ. ಒಂದೇ ಭಾನುವಾರ ಎರಡು ಗೃಹಪ್ರವೇಶಗಳ ಹೋಳಿಗೆ ಉಂಡದ್ದೂ ಇದೆ. ನಾನು ಮಾರಿದ ಪ್ರತಿ ಮನೆಯೂ ನನ್ನ ಸೊಂಟದಲ್ಲಿ ಸ್ವಲ್ಪ ಜಾಗ ಕೊಂಡಿತು.

ದಪ್ಪಗಾಗುವುದನ್ನು ಯಾರೂ ಕಾಯಿಲೆ ಎನ್ನಲಿಲ್ಲ. "ಲಕ್ಷಣವಾಗಿದೀರಾ" ಎಂದರು. ನನ್ನನ್ನು ತಿಂದದ್ದು ದಣಿವು. ಎದ್ದಾಗಲೇ ದಣಿವು. ಹಲ್ಲುಜ್ಜುತ್ತಾ ಗೋಡೆಗೆ ಒರಗುತ್ತಿದ್ದೆ. ಸಿಗ್ನಲ್ಲಿನಲ್ಲಿ ಹಸಿರು ಬಂದು ಹಿಂದಿನವರು ಹಾರ್ನು ಹೊಡೆದಾಗಲೇ ಎಚ್ಚರ. ನನ್ನ ಗೊರಕೆ ತಾಳಲಾರದೆ ಹೆಂಡತಿ ಸುನಂದ ಪಕ್ಕದ ಕೋಣೆಗೆ ಹೋಗಿ ವರ್ಷವಾಗಿತ್ತು. "ಅಪ್ಪಾ, ಯೂ ಸೌಂಡ್ ಲೈಕ್ ಎ ಗಾರ್ಬೇಜ್ ಟ್ರಕ್" ಎಂದು ಮಗಳು ಮೇಘ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಆಮೇಲೆ ಜಯಮ್ಮನವರ ದಿನ ಬಂತು.

ಮಂಜುನಾಥ ಎಂಬ ಹಾಸನದ ಹುಡುಗ ಮನೆ ಹುಡುಕುತ್ತಿದ್ದ. ಅವನ ತಾಯಿ ಜಯಮ್ಮ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಲಿವರ್‌ಮೋರಿನಲ್ಲಿ ಎರಡು ಮನೆ ತೋರಿಸಿ ಎಲ್ಲರೂ ಊಟ ಮುಗಿಸಿ ಹೊರಟೆವು. ಮಂಜು, ಅವನ ಹೆಂಡತಿ ಶೈಲಾ ತಮ್ಮ ಕಾರಿನಲ್ಲಿ ಮುಂದೆ ಹೋದರು. ಅವರ ಮಗು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿತ್ತು, ಎಬ್ಬಿಸುವುದು ಬೇಡವೆಂದು ಜಯಮ್ಮ ಅದರ ಪಕ್ಕ ಕೂತರು. 680 ಹೆದ್ದಾರಿಯಲ್ಲಿ ಸುನೋಲ್ ಏರು ಹತ್ತಿದ್ದು ನೆನಪಿದೆ. ಮುಂದಿನದು ನೆನಪಿಲ್ಲ.

"ಏಯ್ ರಾಜೂ! ಕಣ್ ಬುಡ್ಲಾ! ಕಣ್ ಬುಡು!"

ಹಿಂದಿನ ಸೀಟಿನಿಂದ ಜಯಮ್ಮನ ಕೂಗು, ನನ್ನ ಭುಜಕ್ಕೆ ಗುದ್ದಿನ ಮೇಲೆ ಗುದ್ದು. ಕಣ್ಣು ಬಿಟ್ಟಾಗ ಕಾರು ರಸ್ತೆಯಂಚಿನ ಜಲ್ಲಿಯ ಮೇಲೆ ಗರಗರ ಎನ್ನುತ್ತಿತ್ತು. ಎಳೆದು ತಿರುಗಿಸಿದೆ. ಪಕ್ಕದ ಲಾರಿ ಉದ್ದಕ್ಕೆ ಹಾರ್ನು ಹೊಡೆದುಕೊಂಡು ಹೋಯಿತು. ಮಗು ಎದ್ದು ಅತ್ತಿತು.

"ನಿದ್ದೆಗೆಟ್ಟಿದ್ದಾ ಮಗಾ?" ಎಂದರು ಜಯಮ್ಮ, ಮಗುವನ್ನು ತಟ್ಟುತ್ತಾ.

"ಇಲ್ಲ ಅಮ್ಮಾ. ಬಿಸಿಲು ಕಣ್ಣಿಗೆ ಹೊಡೀತು."

"ಮೋಡ ಕವುಚ್ಕೊಂಡೈತಲ್ಲಪ್ಪಾ" ಎಂದರು ಅವರು. ಅಷ್ಟೇ. ಮನೆ ಮುಟ್ಟಿದ ಮೇಲೂ ಮಗನಿಗೆ ಏನೂ ಹೇಳಲಿಲ್ಲ. ಕಾರಿನಿಂದ ಇಳಿಯುವಾಗ ಮಾತ್ರ ನನ್ನನ್ನೇ ನೋಡಿ, "ಡಾಕ್ಟ್ರಿಗೆ ತೋರ್ಸು" ಎಂದರು.

ತೋರಿಸಿದೆ. ಅದೂ ಒಬ್ಬನೇ ಹೋಗಿ. ನನ್ನ ಮಾತು ಕೇಳಿ, ಡಾಕ್ಟರ ಹತ್ತಿರ ಒಬ್ಬರೇ ಹೋಗಬೇಡಿ. ಪಕ್ಕದಲ್ಲಿ ಹೆಂಡತಿ ಇದ್ದರೆ ನೀವು ಸುಳ್ಳು ಹೇಳಲಾರಿರಿ.

ನಮ್ಮ ಮನೆಯ ಹತ್ತಿರದ ಸಾಧಾರಣ ಕ್ಲಿನಿಕ್ಕು ಅದು. ನೆಗಡಿ, ಜ್ವರ, ಮಕ್ಕಳ ಚುಚ್ಚುಮದ್ದು, ಎಲ್ಲಕ್ಕೂ ಒಂದೇ ವೇಟಿಂಗ್ ರೂಮು. ಅಲ್ಲಿನ ಕುರ್ಚಿಗಳಿಗೆ ಕೈಗಳಿದ್ದವು. ನಾನು ಅದರೊಳಗೆ ತುರುಕಿಕೊಂಡು ಕೂತೆ. ಏಳುವಾಗ ಕುರ್ಚಿಯೂ ನನ್ನ ಜೊತೆ ಎದ್ದಿತು. ಎದುರಿಗೆ ಕೂತ ಮಗುವೊಂದು ಕಿಸಕ್ಕನೆ ನಕ್ಕಿತು, ಅದರ ತಾಯಿ ಪತ್ರಿಕೆಯಲ್ಲಿ ಮುಖ ಹುದುಗಿಸಿದಳು.

ಡಾಕ್ಟರಮ್ಮ ವಯಸ್ಸಾದವರು, ನಿಧಾನಸ್ಥೆ. ಕುತ್ತಿಗೆಗೆ ಟೇಪು ಸುತ್ತಿ ಅಳೆದರು. ರಕ್ತ ಪರೀಕ್ಷೆಗೆ ಬರೆದರು. ಗೊರಕೆ, ಸುಸ್ತು ಎಲ್ಲ ಕೇಳಿ ಆಮೇಲೆ, "ಕಾರು ಓಡಿಸುವಾಗ ಯಾವತ್ತಾದರೂ ನಿದ್ದೆ ಬಂದಿದೆಯೇ?" ಎಂದರು.

"ನೆವರ್" ಎಂದೆ.

ಅವರು ಪೆನ್ನು ಎತ್ತಿ ನನ್ನನ್ನೇ ನೋಡಿದರು. ಹಾಗೇನಾದರೂ ಆಗಿದ್ದರೆ ತಾವು ಲೈಸೆನ್ಸು ಕೊಡುವ ಇಲಾಖೆಗೆ ಬರೆಯಬೇಕಾಗುತ್ತದೆ, ಕಾನೂನು ಹಾಗಿದೆ ಎಂದರು. ಈ ಊರಲ್ಲಿ ಕಾರು ಓಡಿಸದ ಏಜೆಂಟು ಕಾಲಿಲ್ಲದ ಓಟಗಾರ. "ನೆವರ್" ಎಂದು ಇನ್ನೊಮ್ಮೆ ಹೇಳಿದೆ. ಮಂಡಿಯಲ್ಲಿ ಒಂದೇ ಮಾತನ್ನು ಎರಡು ಸಲ ಹೇಳುವವನನ್ನು ನಾವು ನಂಬುತ್ತಿರಲಿಲ್ಲ. ಅವರು ಬರೆದುಕೊಂಡರು.

ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ನಿದ್ದೆಯಲ್ಲಿ ನನ್ನ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತಂತೆ, ಒಳಗಿನ ಜೀವ ಗಾಬರಿಬಿದ್ದು ಎಬ್ಬಿಸುತ್ತಿತ್ತಂತೆ. ಸಕ್ಕರೆ ಕಾಯಿಲೆ ಹೊಸಿಲ ಮೇಲೆ ನಿಂತಿತ್ತು. ಮೂಗಿಗೆ ಕಟ್ಟಿಕೊಂಡು ಮಲಗಲು ಗಾಳಿ ಊದುವ ಒಂದು ಮಿಷಿನ್ನು ಬಂತು, ಆನೆಯ ಸೊಂಡಿಲಿನಂಥ ಕೊಳವೆಯದು. ನಾನು ಅದನ್ನು ಎರಡು ದಿನ ಕಟ್ಟಿ ಚೀಲದಲ್ಲಿಟ್ಟೆ. ಇನ್ನೊಂದು ಕೆಲಸ ತೂಕ ಇಳಿಸುವುದು. ಅದಕ್ಕೆ ಅದೇ ಕ್ಲಿನಿಕ್ಕಿನ ನರ್ಸು, ಕಾರ್ಮೆನ್ ಎಂಬ ಫಿಲಿಪೀನ್ಸಿನ ಹೆಂಗಸು. ಎರಡು ವಾರಕ್ಕೊಂದು ಗುರುವಾರ ಅವಳ ಮುಂದೆ ನಿಲ್ಲಬೇಕು. ತಿಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ತೋರಿಸಬೇಕು.

ಅವಳ ತಕ್ಕಡಿ ಗುಂಡು ಸರಿಸುವ ಹಳೆಯ ಬಗೆಯದು. ಕಂಡು ನನಗೆ ಖುಷಿಯಾಯಿತು, ನೆಂಟನನ್ನು ಕಂಡ ಹಾಗೆ. ಅವಳು ಗುಂಡು ಸರಿಸಿದಳು, ಸರಿಸಿದಳು, ಇನ್ನೂ ಸರಿಸಿದಳು. ಇನ್ನೂರ ಮೂವತ್ತೆಂಟು ಪೌಂಡು, ಊರಿನ ಲೆಕ್ಕದಲ್ಲಿ ನೂರೆಂಟು ಕಿಲೋ.

"ಮೊದಲಿಗೆ ಇಪ್ಪತ್ತನಾಲ್ಕು ಪೌಂಡು ಇಳಿಸೋಣ" ಎಂದಳು.

ನಾನು ಮಂಡಿಯವನು. ಎದುರಿನವರು ಮೊದಲು ಹೇಳುವುದು ಬೆಲೆಯಲ್ಲ, ಮಾತಿನ ಆರಂಭ ಅಷ್ಟೇ. "ಹತ್ತು" ಎಂದೆ. ಅವಳು ಇಪ್ಪತ್ತು ಎನ್ನುತ್ತಾಳೆ, ಹದಿನೈದಕ್ಕೆ ತರೋಣ ಎಂದು ಲೆಕ್ಕ ಹಾಕಿದ್ದೆ.

"ಸರಿ, ಹತ್ತು" ಎಂದು ಬರೆದುಕೊಂಡಳು.

ಮೊದಲ ಕೂಗಿಗೇ ಒಪ್ಪುವ ವ್ಯಾಪಾರಿಗೆ ನಮಗೆ ಗೊತ್ತಿಲ್ಲದ್ದೇನೋ ಗೊತ್ತಿರುತ್ತದೆ. "ಯಾಕೆ ಒಪ್ಪಿದಿರಿ?" ಎಂದು ಕೇಳಿದೆ.

"ಇಪ್ಪತ್ತನಾಲ್ಕು ನನ್ನ ಮಾತು. ಹತ್ತು ನಿಮ್ಮ ಮಾತು. ಮನೆಗೆ ಹೋದ ಮೇಲೆ ನನ್ನ ಮಾತನ್ನು ನೀವು ಯಾಕೆ ಕೇಳುತ್ತೀರಿ?"

ಮುಂದಿನ ಸಲ ವೇಟಿಂಗ್ ರೂಮಿನ ಮೂಲೆಯಲ್ಲಿ ಕೈಯಿಲ್ಲದ ಕುರ್ಚಿಯೊಂದು ಇತ್ತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನಾನು ಹೋಗಿ ಕೂತೆ. ಆ ವರ್ಷ ನನಗೆ ಸಿಕ್ಕ ಉಪಕಾರಗಳಲ್ಲಿ ಅದು ಮೊದಲನೆಯದು.

ಹತ್ತು ಪೌಂಡು ಏನು ಮಹಾ ಅಂದುಕೊಂಡಿರಾ? ಗೃಹಪ್ರವೇಶದ ಎಲೆಯ ಮುಂದೆ ಕೂತು ನೋಡಿ. "ಇನ್ನೊಂದು ಹಾಕಸ್ಕೊಳ್ಳಿ ರಾಜಣ್ಣ, ನಮ್ಮನೆ ಹೋಳಿಗೆ ಸೇರಲ್ವಾ?" ಎಂದು ಮನೆಯೊಡತಿ ಕೈಯಲ್ಲಿ ಹಿಡಿದು ನಿಂತರೆ ಬೇಡ ಎನ್ನುವುದು ಹೇಗೆ? ಕಾಯಿಲೆ ಎಂದರೆ ಕಾರು ಓಡಿಸುವವನ ಹೆಸರು ಕೆಡುತ್ತದೆ. ಯೋಚಿಸಿ ಒಂದು ಉಪಾಯ ಮಾಡಿದೆ. ವ್ರತ ಹಿಡಿದಿದ್ದೇನೆ, ಹನ್ನೊಂದು ವಾರ ಶನಿವಾರ ಭಾನುವಾರ ಅನ್ನ, ಹೋಳಿಗೆ ಮುಟ್ಟುವ ಹಾಗಿಲ್ಲ ಎಂದುಬಿಟ್ಟೆ. ದೇವರ ಹೆಸರಿಗೆ ಎದುರಾಡುವವರು ಯಾರು?

ಯಾರೂ ಎದುರಾಡಲಿಲ್ಲ. ಸುದ್ದಿ ಫ್ರೀಮಾಂಟಿನಿಂದ ಕ್ಯುಪರ್ಟಿನೋವರೆಗೆ ಹಬ್ಬಿತು. ಮುಂದಿನ ವಾರ ಹೋದ ಮನೆಯಲ್ಲಿ, "ರಾಜಣ್ಣಂಗೆ ವ್ರತ ಕಣ್ರೀ, ಫಲಾಹಾರ ಬೇರೆ ಮಾಡಿದೀನಿ" ಎಂದು ನನಗೊಬ್ಬನಿಗೇ ಎಲೆ ಹಾಕಿದರು. ಬೆಲ್ಲ ಕಾಯಿ ಕಲೆಸಿದ ಅವಲಕ್ಕಿ, ತುಪ್ಪ ಜಿನುಗುವ ಸಜ್ಜಿಗೆ, ಬಾಳೆಹಣ್ಣಿನ ರಸಾಯನ, ಹುರಿದ ಗೋಡಂಬಿ, ದೊಡ್ಡ ಲೋಟದಲ್ಲಿ ಬಾದಾಮಿ ಹಾಲು. ಊಟವಾಗಿದ್ದರೆ ಸಾಕು ಎನ್ನಬಹುದಿತ್ತು. ವ್ರತಕ್ಕೆಂದೇ ಮಡಿಯಲ್ಲಿ ಮಾಡಿದ್ದನ್ನು ಬಿಟ್ಟೇಳುವುದು ಹೇಗೆ? ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡಿದರು. ನಾನು ಪುಸ್ತಕದಲ್ಲಿ "ಶನಿವಾರ, ಉಪವಾಸ; ಭಾನುವಾರ, ಉಪವಾಸ" ಎಂದು ಬರೆದೆ. ಬರೆಯುವಾಗ ಅದು ಸುಳ್ಳು ಅನ್ನಿಸಲಿಲ್ಲ. ನಮ್ಮ ಮನೆಗಳಲ್ಲಿ ಅನ್ನ ತಿನ್ನದಿದ್ದರೆ ಉಪವಾಸವೇ ತಾನೆ?

ಕಾರ್ಮೆನ್ ಗುಂಡು ಸರಿಸಿದಳು. ಬೆಲ್ಟು, ಪೇಜರು ಏನೂ ಇಲ್ಲದೆಯೂ ಮೂರು ಪೌಂಡು ಜಾಸ್ತಿ.

"ಉಪವಾಸ ಮಾಡಿ ತೂಕ ಏರಿಸಿಕೊಂಡವರನ್ನು ಇದೇ ಮೊದಲು ನೋಡುತ್ತಿದ್ದೇನೆ. ಉಪವಾಸ ಎಂದರೆ ಏನೇನು ತಿಂದಿರಿ?"

ಹೇಳಿದೆ. ಹೇಳುತ್ತಾ ಹೋದ ಹಾಗೆ ಪಟ್ಟಿ ನನಗೇ ಉದ್ದ ಅನ್ನಿಸಿತು. ಅವಳು ನಗು ತಡೆದುಕೊಂಡು, "ನಮ್ಮಲ್ಲೂ ಶುಕ್ರವಾರ ಮಾಂಸ ಮುಟ್ಟಬಾರದು. ನಮ್ಮಜ್ಜಿ ಅವತ್ತು ತಟ್ಟೆ ತುಂಬ ಮೀನು ತಿಂದು ಪುಣ್ಯ ಕಟ್ಟಿಕೊಳ್ಳುತ್ತಿದ್ದಳು" ಎಂದಳು. ಆಮೇಲೆ ಮೆಲ್ಲಗೆ, "ಮಿಷಿನ್ನು ಕಟ್ಟುತ್ತಿದ್ದೀರಾ?" ಎಂದಳು. ದಿನಾ ಎಂದೆ. ಅವಳು ನನ್ನ ಕಣ್ಣಿನ ಕೆಳಗಿನ ಚೀಲಗಳನ್ನು ನೋಡಿದಳು.

ವೈಶಾಖದಲ್ಲಿ ಮಂಜುವಿನ ಗೃಹಪ್ರವೇಶ. ಮಿಲ್ಪಿಟಾಸಿನಲ್ಲಿ ನಾನೇ ಕೊಡಿಸಿದ ಟೌನ್‌ಹೌಸು. ಸುನಂದಳೂ ಬಂದಿದ್ದಳು. ಫಲಾಹಾರದ ಎಲೆಯಿಂದ ಎದ್ದು ಸೋಫಾದಲ್ಲಿ ಕೂತೆ, ಕಣ್ಣು ಎಳೆಯುತ್ತಿತ್ತು. ಜಯಮ್ಮನಿಗೆ ಲಿವರ್‌ಮೋರಿನ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಬೇಕಿತ್ತು. ಮಂಜುವಿಗೆ ಮನೆ ತುಂಬ ನೆಂಟರು.

"ರಾಜಣ್ಣ ಆ ಕಡೆ ಮನೆ ತೋರಿಸೋಕೆ ಹೋಗ್ತಿದಾರಲ್ಲ, ಅವರ ಕಾರಲ್ಲೇ ಹೋಗ್ಬನ್ನಿ ಅಮ್ಮ. ಮಗೂನೂ ಕರ್ಕೊಂಡು ಹೋಗಿ" ಎಂದ ಮಂಜು.

"ನಾನು ಇವ್ನ ಕಾರು ಹತ್ತಕಿಲ್ಲ" ಎಂದರು ಜಯಮ್ಮ. ದನಿ ಏರಿಸಲಿಲ್ಲ. "ಮಗೀನೂ ಕಳ್ಸಕಿಲ್ಲ."

"ಅಯ್ಯೋ, ಯಾಕಮ್ಮಾ ಹಾಗಂತೀರಾ?"

"ಅವ್ನೇ ಯೋಳ್ಲಿ. ಎಲ್ಡು ತಿಂಗ್ಳಿಂದ ಬಾಯಿ ಕಟ್ಕೊಂಡು ಕಾಯ್ತಾ ಇವ್ನಿ."

ಕಳ್ಳತೂಕ ಸಿಕ್ಕಿಬಿದ್ದಾಗ ಮಂಡಿಯಲ್ಲಿ ಒಂದು ಮೌನ ಬರುತ್ತದೆ. ಗಾಡಿಯ ಎತ್ತು ಕೂಡ ಗಂಟೆ ಅಲ್ಲಾಡಿಸುವುದಿಲ್ಲ. ಆ ಮೌನ ಮಿಲ್ಪಿಟಾಸಿಗೂ ಬಂತು. ನಾಲಿಗೆಯ ತುದಿಗೆ ಮೂರು ಸುಳ್ಳು ಬಂದವು: ಬ್ರೇಕು ಸರಿಯಿಲ್ಲ, ಅಮ್ಮನಿಗೆ ನನ್ನ ಮೇಲೆ ಮುನಿಸು, ಅವರಿಗೆ ಏರು ಕಂಡರೆ ಭಯ. ಮೂರೂ ಚೆನ್ನಾಗಿದ್ದವು. ಆದರೆ ಹೇಳಲು ತ್ರಾಣವಿರಲಿಲ್ಲ. ಸುಳ್ಳಿಗೂ ಮೈಯಲ್ಲಿ ಕಸುವು ಬೇಕು.

"ಅವತ್ತು ಲಿವರ್‌ಮೋರಿಂದ ಬರೋವಾಗ ನಿದ್ದೆ ಮಾಡ್ಬಿಟ್ಟೆ ಮಂಜು" ಎಂದೆ. "ಕಾರು ಓಡಿಸ್ತಾ. ಅಮ್ಮ ಗುದ್ದಿ ಎಬ್ಬಿಸದಿದ್ರೆ ಮೂರು ಜನಾನೂ ಇರ್ತಿರಲಿಲ್ಲ. ನಂಗೆ ಕಾಯಿಲೆ ಇದೆ. ವ್ರತ ಗಿತ ಏನೂ ಇಲ್ಲ."

ಶೈಲಾ ಬಂದು ನನ್ನ ಪಕ್ಕ ಸೋಫಾದ ಮೇಲೆ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಇವತ್ತಿಗೂ ನನಗೆ ನೋಯುವುದು ಅದೇ.

ಹೊರಗೆ ಬಂದಾಗ ಸುನಂದ ಕೈ ಚಾಚಿದಳು. "ಕೀ ಕೊಡಿ. ಆ ಕಡೆ ಕೂತ್ಕೊಳ್ಳಿ." ನಮ್ಮ ಮನೆಯ ಗರಾಜಿನಲ್ಲಿ ಕಾರು ನಿಲ್ಲಿಸಿ ಸ್ಟಿಯರಿಂಗ್ ಹಿಡಿದೇ ಹೇಳಿದಳು: "ಪಕ್ಕದ ರೂಮಿಗೆ ಹೋದ ಮೇಲೂ ನಿಮ್ಮ ಗೊರಕೆಗೆ ಕಿವಿ ಕೊಟ್ಟು ಮಲಗಿದೀನಿ. ನಿಂತ್ಹೋದಾಗೆಲ್ಲ ಮತ್ತೆ ಶುರುವಾಗೋ ತನಕ ನಾನೂ ಉಸಿರು ಹಿಡ್ಕೊಂಡಿದೀನಿ. ಊರವರ ಹತ್ರ ವ್ಯಾಪಾರ ಮಾಡಿ, ಬೇಡ ಅನ್ನಲ್ಲ. ನನ್ನ ಹತ್ರಾನೂ ಮಾಡಿದ್ರಲ್ಲ."

ಗುರುವಾರ ಇಬ್ಬರೂ ಹೋದೆವು. ಬೆಲ್ಟು, ಬೂಟು, ಪೇಜರು ಎಲ್ಲ ಇದ್ದ ಹಾಗೇ ತಕ್ಕಡಿ ಹತ್ತಿದೆ. "ಮೊದಲ ದಿನ ನಾನು ಹೇಳಿದ ಒಂದು ಉತ್ತರ ತಿದ್ದಬೇಕು" ಎಂದು ಕಾರ್ಮೆನ್‌ಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಬೂಟು ಬಿಚ್ಚಿ" ಎಂದಳು. "ತಪ್ಪೊಪ್ಪಿಗೆಗೆ ಬೂಟು ಬೇಕಾಗಿಲ್ಲ." ಆಮೇಲೆ ಡಾಕ್ಟರಮ್ಮನನ್ನು ಕರೆದಳು. ಅವರು ಇಲಾಖೆಗೆ ಕಾಗದ ಬರೆದರು. ಕಳಿಸುವ ಮೊದಲು ನನಗೆ ಓದಲು ಕೊಟ್ಟರು. ಓದಿದೆ. ಒಂದು ಪದಕ್ಕೂ ಚೌಕಾಸಿ ಮಾಡಲಿಲ್ಲ.

ಲೈಸೆನ್ಸು ಮೂರು ತಿಂಗಳು ಹೋಯಿತು. ಎಲ್ಲರೂ ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಿಂದ ಪಾಟ್‌ಲಕ್ಕಿಗೆ ಸುದ್ದಿ ಹೋಯಿತು. ಐದು ಮನೆಯವರು ಬೇರೆ ಏಜೆಂಟಿನ ಹತ್ತಿರ ಹೋದರು, ಅವರ ತಪ್ಪಿಲ್ಲ. ಬೆಳಿಗ್ಗೆ ಸುನಂದ ಕೆಲಸಕ್ಕೆ ಹೋಗುವಾಗ ನನ್ನನ್ನು ಕ್ಯುಪರ್ಟಿನೋದ ಯಾವುದಾದರೂ ಶಾಲೆಯ ಮುಂದೆ ಇಳಿಸುತ್ತಿದ್ದಳು, ಸಂಜೆ ಬಂದು ಹತ್ತಿಸಿಕೊಳ್ಳುತ್ತಿದ್ದಳು. ಮನೆ ನೋಡುವವರಿಗೆ, "ಶಾಲೆ ಗೇಟಿಗೇ ಬನ್ನಿ, ಅಲ್ಲಿಂದ ನಡೆದೇ ಹೋಗೋಣ. ನಿಮ್ಮ ಮಗು ದಿನಾ ಎಷ್ಟು ದೂರ ನಡೀಬೇಕು ಅಂತ ನಿಮಗೇ ಗೊತ್ತಾಗ್ಲಿ" ಎನ್ನುತ್ತಿದ್ದೆ. ಕಾರಿಲ್ಲದವನ ಉಪಾಯ. ಕೆಲವರು ಅದನ್ನೇ ಮೆಚ್ಚಿದರು. ಎರಡು ಮನೆ ಮಾರಿದೆ. ಮೊದಲ ವಾರ ಎರಡು ಬೀದಿಗೇ ಏದುಸಿರು, ಪಾದ ಬಾತು ಬೂಟು ಹಿಡಿಯುತ್ತಿರಲಿಲ್ಲ. ಮಿಷಿನ್ನು ಚೀಲದಿಂದ ಹೊರಗೆ ಬಂತು, ಸುನಂದ ನಮ್ಮ ಕೋಣೆಗೆ ವಾಪಸು ಬಂದಳು. ಪಟ್ಟಿ ಸಡಿಲವಾದರೆ ಅವಳೇ ಎದ್ದು ಬಿಗಿ ಮಾಡುತ್ತಿದ್ದಳು.

ಗೃಹಪ್ರವೇಶಗಳಲ್ಲಿ ವ್ರತ ಅಲ್ಲ, ಕಾಯಿಲೆ ಎಂದೆ. "ಒಂದು ಹೋಳಿಗೆಗೆ ಏನಾಗುತ್ತೆ ರಾಜಣ್ಣ?" ಎಂದು ಕೇಳಿಯೇ ಕೇಳುತ್ತಾರೆ. ಕಾರಣ ವಿವರಿಸಲು ಹೋಗಬೇಡಿ, ವಿವರಿಸಿದರೆ ಚೌಕಾಸಿ ಶುರುವಾಗುತ್ತದೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು, ಕೇಳಿದವರ ಮಗನ ಓದಿನ ವಿಷಯ ಎತ್ತಿ.

ತೂಕ ಇಳಿಯಿತು, ಬಾಡಿಗೆದಾರ ಮನೆ ಖಾಲಿ ಮಾಡುವ ಹಾಗೆ, ಬಲು ನಿಧಾನವಾಗಿ. ಶ್ರಾವಣದ ಒಂದು ಗುರುವಾರ ಕಾರ್ಮೆನ್, "ನಿಮ್ಮ ಹತ್ತು ಆಯಿತು. ಮುಂದೆ?" ಎಂದಳು. "ನೀವೇ ಹೇಳಿ" ಎಂದೆ. "ನನಗೆ ಚೌಕಾಸಿ ಬರುವುದಿಲ್ಲ" ಎಂದಳು. ಐದು ಎಂದೆ. ಐದು ಎಂದು ಬರೆದುಕೊಂಡಳು.

ಮುಂದೆ ಷೇರು ಬಿದ್ದವು, ಸಾಫ್ಟ್‌ವೇರ್ ಹುಡುಗರ ಕೆಲಸ ಹೋಯಿತು, ನಾನು ಮನೆ ಕೊಡಿಸಿದ ಕೆಲವರು ಟ್ರಕ್ಕು ಬಾಡಿಗೆ ಹಿಡಿದು ಊರು ಬಿಟ್ಟರು. ಆ ಚಿಂತೆಯಲ್ಲಿ ಇಳಿದ ತೂಕ ಅರ್ಧ ಹತ್ತಿತು, ಮತ್ತೆ ಸ್ವಲ್ಪ ಇಳಿಯಿತು. ಈಗ ಇನ್ನೂರ ಇಪ್ಪತ್ತನಾಲ್ಕು. ಮಿಷಿನ್ನು ಹಾಸಿಗೆಯ ಪಕ್ಕದಲ್ಲೇ ಇದೆ. ವಾಸಿಯಾಯಿತೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ದಣಿವಾಗುತ್ತದೆಯೇ ಎಂದರೆ ಹೌದು, ಆದರೆ ಈಗಿನದು ನಡೆದು ಬಂದ ದಣಿವು. ಎಂದಾದರೂ ಕಣ್ಣು ಎಳೆದರೆ ಕೀ ಸುನಂದಳ ಕೈಗೆ ಹೋಗುತ್ತದೆ.

ಲೈಸೆನ್ಸು ವಾಪಸು ಬಂದ ವಾರವೇ ಜಯಮ್ಮನ ಫೋನು ಬಂದಿತ್ತು. "ವೀಸಾ ಮುಗೀತು, ಮುಂದ್ಲ ವಾರ ಹೊಂಟೆ. ದೇವಸ್ಥಾನಕ್ಕೆ ಕರ್ಕಂಡು ಹೋಯ್ತೀಯಾ?"

"ಮಂಜು ಇದಾನಲ್ಲ ಅಮ್ಮಾ" ಎಂದೆ.

"ನಾನು ನಿನ್ನ ಕೇಳ್ದೆ."

ಬಾಗಿಲು ತೆರೆದು ಶೈಲಾ ಅತ್ತೆಯನ್ನು ಕಳಿಸಿದಳು. ಮಗುವನ್ನು ಕಳಿಸಲಿಲ್ಲ, ಆದರೆ ಕಿಟಕಿಯಲ್ಲಿ ಎತ್ತಿ ಹಿಡಿದು ಟಾಟಾ ಮಾಡಿಸಿದಳು. ಜಯಮ್ಮ ಈ ಸಲ ಮುಂದಿನ ಸೀಟಿನಲ್ಲಿ ಕೂತರು, ಹಣ್ಣುಕಾಯಿಯ ಚೀಲ ತೊಡೆಯ ಮೇಲೆ. ಕಾರು ಫ್ರೀವೇ ಹತ್ತುತ್ತಲೇ ಶುರು ಮಾಡಿದರು. ನಿಮ್ಮ ಆಲೆಮನೆ ಎಲ್ಲಿತ್ತು? ಒಂದು ಕೊಪ್ಪರಿಗೆಗೆ ಎಷ್ಟು ಅಚ್ಚು ಬೆಲ್ಲ ಆಯ್ತಿತ್ತು? ನಿಮ್ಮಪ್ಪ ಎಂಥವ್ರು? ಸುನಂದನ್ನ ನೋಡಾಕೆ ಹೋದಾಗ ಏನ್ ಕೊಟ್ರು ತಿನ್ನಾಕೆ? ನಾನು ಒಂದಕ್ಕೆ ಉತ್ತರ ಮುಗಿಸುವಷ್ಟರಲ್ಲಿ ಇನ್ನೊಂದು. ಸುನೋಲ್ ಏರು ಬಂದಾಗ ಅವರ ದನಿ ಇನ್ನಷ್ಟು ಜೋರಾಯಿತು, ಎಡಗೈ ಬಂದು ನನ್ನ ಸೀಟಿನ ಬೆನ್ನು ಹಿಡಿದುಕೊಂಡಿತು.

"ಅಮ್ಮಾ, ಚೆನ್ನಾಗಿ ನಿದ್ದೆ ಮಾಡಿ ಬಂದಿದೀನಿ. ಮಿಷಿನ್ನು ಕಟ್ಕೊಂಡೇ ಮಲಗ್ತೀನಿ ಈಗ" ಎಂದೆ.

"ಮಿಷಿನ್ನು ಗಿಷಿನ್ನು ನಂಗೊತ್ತಾಗಕಿಲ್ಲ" ಎಂದರು. "ನೀನು ಮಾತಾಡ್ತಿರು."

ಗುಡ್ಡದ ಮೇಲಿನ ಗೋಪುರ ಕಾಣುವವರೆಗೂ ಮಾತಾಡಿದೆ.